ಓದು ಮತ್ತು ಆಟದ ಹೊತ್ತನ್ನು ಮಕ್ಕಳೇ ಹೊಂದಿಸಿಕೊಳ್ಳುವಂತೆ ಕಲಿಸುವುದು ಹೇಗೆ?

ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಸಂಜೆಯಾಯಿತೆಂದರೆ ಎರಡು ಮಾತುಗಳು ತಪ್ಪದೆ ಕೇಳಿಬರುತ್ತವೆ. ಒಂದು, ‘ಆಡಿದ್ದು ಸಾಕು, ಬಂದು ಓದಿಕೋ’. ಇನ್ನೊಂದು, ‘ಇನ್ನು ಐದೇ ನಿಮಿಷ’. ಯಾವಾಗ ಆಡಬೇಕು, ಯಾವಾಗ ಓದಬೇಕು, ಎಷ್ಟು ಹೊತ್ತು ಕೂರಬೇಕು ಎಂಬ ತೀರ್ಮಾನವೆಲ್ಲ ದೊಡ್ಡವರದಾದಾಗ ಮಗುವಿನ ಪಾಲಿಗೆ ಉಳಿಯುವುದು ಒಂದೋ ಹೇಳಿದಂತೆ ಕೇಳುವುದು, ಇಲ್ಲವೇ ಹೇಗಾದರೂ ತಪ್ಪಿಸಿಕೊಳ್ಳುವುದು. ಹೀಗೆ ಬೆಳೆದ ಮಕ್ಕಳು ಚಿಕ್ಕ ತರಗತಿಗಳಲ್ಲಿ ಶಿಸ್ತಿನ ಮಕ್ಕಳಂತೆಯೇ ಕಾಣುತ್ತಾರೆ. ಆದರೆ ಹದಿಮೂರು ಹದಿನಾಲ್ಕು ವರ್ಷವಾಗಿ, ಓದಿನ ಭಾರ ಹೆಚ್ಚಿ, ಪಕ್ಕದಲ್ಲಿ ಕೂರುವವರು ಯಾರೂ ಇಲ್ಲದಾದಾಗ ಎಲ್ಲಿಂದ ಶುರುಮಾಡಬೇಕೆಂದು ಅವರಿಗೆ ತಿಳಿಯುವುದಿಲ್ಲ, ಏಕೆಂದರೆ ಆ ಲೆಕ್ಕವನ್ನು ಅವರು ಎಂದೂ ಸ್ವತಃ ಹಾಕಿರುವುದಿಲ್ಲ.

ಓದು ಮತ್ತು ಆಟವನ್ನು ಹೊಂದಿಸುವುದು ಈಜಿನಂತೆ ಮಾಡಿ ಮಾಡಿ ಕಲಿಯಬೇಕಾದ ಕೌಶಲ. ದೊಡ್ಡವರು ಎಷ್ಟೇ ಅಚ್ಚುಕಟ್ಟಾದ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದರೂ ಅದು ದೊಡ್ಡವರ ಕೌಶಲವೇ ಹೊರತು ಮಗುವಿನದಲ್ಲ. ಆರರಿಂದ ಹದಿನೈದು ವರ್ಷದವರೆಗಿನ ಮಕ್ಕಳ ಹೆತ್ತವರಿಗಾಗಿ ಬರೆದ ಈ ಮಾರ್ಗದರ್ಶಿಯಲ್ಲಿ ಆ ಲೆಕ್ಕವನ್ನು ಹಂತಹಂತವಾಗಿ ಮಗುವಿನ ಕೈಗೆ ದಾಟಿಸುವ ಕ್ರಮವನ್ನು ವಿವರಿಸಲಾಗಿದೆ.

ಮೊದಲ ಹಂತ: ಒಂದು ವಾರ ಏನನ್ನೂ ಬದಲಾಯಿಸದೆ ಬರೆದಿಡಿ

ಹೊಸ ನಿಯಮ ಮಾಡುವ ಮುನ್ನ ಈಗಿರುವ ದಿನ ಹೇಗೆ ಸಾಗುತ್ತಿದೆ ಎಂಬುದು ಗೊತ್ತಿರಬೇಕು. ಒಂದು ಹಾಳೆಯಲ್ಲಿ ಏಳು ದಿನಗಳ ಮನೆಗಳನ್ನು ಎಳೆದು, ಮಗು ಶಾಲೆಯಿಂದ ಬಂದ ಹೊತ್ತು, ಹೋಂವರ್ಕಿಗೆ ಕೂತ ಹೊತ್ತು, ಎದ್ದ ಹೊತ್ತು, ಹೊರಗೆ ಆಡಿದ ಹೊತ್ತು, ಪರದೆಯ ಮುಂದೆ ಕಳೆದ ಹೊತ್ತು, ಮಲಗಿದ ಹೊತ್ತು, ಇಷ್ಟನ್ನು ಬರೆಯುತ್ತ ಹೋಗಿ. ಎಂಟು ವರ್ಷ ದಾಟಿದ ಮಗುವಾದರೆ ಅದರ ಕೈಯಲ್ಲೇ ಬರೆಸುವುದು ಒಳ್ಳೆಯದು. ಆ ಒಂದು ವಾರ ಬೈಗುಳವಾಗಲಿ ತಿದ್ದುಪಡಿಯಾಗಲಿ ಬೇಡ. ಬೈದರೆ ಎರಡನೆಯ ದಿನದಿಂದಲೇ ಹಾಳೆಯ ಮೇಲೆ ಸುಳ್ಳು ಬರೆಯುವುದು ಶುರುವಾಗುತ್ತದೆ.

ವಾರ ಮುಗಿದ ಮೇಲೆ ಮಗುವಿನೊಂದಿಗೆ ಕೂತು ಕೂಡಿ ಕಳೆಯಿರಿ. ಹತ್ತು ವರ್ಷದ ಒಂದು ಮಗುವಿನ ದಿನವನ್ನು ತೆಗೆದುಕೊಳ್ಳೋಣ. 24 ಗಂಟೆಗಳಲ್ಲಿ ನಿದ್ದೆಗೆ 10, ಶಾಲೆ ಮತ್ತು ಹೋಗಿಬರುವ ದಾರಿಗೆ 8, ಸ್ನಾನ, ಊಟ, ತಿಂಡಿ, ಉಡುಪಿನ ಸಿದ್ಧತೆಗೆ ಎರಡೂವರೆ ಗಂಟೆ ಹೋದರೆ ಉಳಿಯುವುದು ಮೂರೂವರೆ ಗಂಟೆ. ಇದರಲ್ಲಿ ಹೋಂವರ್ಕಿಗೆ ಒಂದು ಗಂಟೆ, ಓಡಾಡಿ ಆಡುವುದಕ್ಕೆ ಒಂದು ಗಂಟೆ ಕೊಟ್ಟರೂ ಇನ್ನೂ ಒಂದೂವರೆ ಗಂಟೆ ಮಿಗುತ್ತದೆ. ಅಂದರೆ ಹೊತ್ತು ಸಾಲುವುದಿಲ್ಲ ಎನ್ನುವ ದೂರು ಬಹಳಷ್ಟು ಸಂದರ್ಭಗಳಲ್ಲಿ ಸರಿಯಲ್ಲ. ಅರ್ಧ ಓದು ಅರ್ಧ ಆಟದಲ್ಲಿ, ಪುಸ್ತಕ ಬಿಡಿಸಿಟ್ಟುಕೊಂಡು ಪೆನ್ಸಿಲ್ ಚೂಪು ಮಾಡುವುದರಲ್ಲಿ, ‘ಈಗ ಬಂದೆ’ ಎನ್ನುತ್ತ ಪರದೆಯ ಮುಂದೆ ಕೂರುವುದರಲ್ಲಿ ಹೊತ್ತು ಸೋರಿಹೋಗಿರುತ್ತದೆ. ಇದನ್ನು ನೀವು ಹೇಳಬೇಕಾಗಿಲ್ಲ, ತಾನೇ ಬರೆದ ಹಾಳೆಯಲ್ಲಿ ಮಗುವಿಗೆ ಕಾಣುತ್ತದೆ. ಹಾಗೆಯೇ, ಎರಡು ಟ್ಯೂಷನ್, ಒಂದು ಸಂಗೀತ ತರಗತಿ, ಒಂದು ಚಿತ್ರಕಲೆ ತರಗತಿ ಸೇರಿ ಆ ಮೂರೂವರೆ ಗಂಟೆಯನ್ನೂ ನುಂಗಿಹಾಕಿದ್ದರೆ ಅದೂ ಅಲ್ಲೇ ಕಾಣುತ್ತದೆ, ಮತ್ತು ಆಗ ತಿದ್ದಿಕೊಳ್ಳಬೇಕಾದವರು ಮಗುವಲ್ಲ.

ಎರಡನೆಯ ಹಂತ: ನಿದ್ದೆಗೂ ಆಟಕ್ಕೂ ಮೊದಲು ಜಾಗ ಮಾಡಿ

ಸಾಮಾನ್ಯವಾಗಿ ವೇಳಾಪಟ್ಟಿ ಬರೆಯುವವರು ಓದಿನ ಹೊತ್ತನ್ನು ಮೊದಲು ತುಂಬಿಸಿ, ಉಳಿದರೆ ಆಟ, ಇನ್ನೂ ಉಳಿದರೆ ನಿದ್ದೆ ಎಂದು ಹಂಚುತ್ತಾರೆ. ಈ ಕ್ರಮವನ್ನು ತಿರುಗಿಸಬೇಕು. ಅಮೆರಿಕದ ನಿದ್ರಾತಜ್ಞರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2016ರಲ್ಲಿ ನೀಡಿದ ಶಿಫಾರಸಿನ ಪ್ರಕಾರ 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಹಗಲು ಕಲಿತದ್ದು ನೆನಪಿನಲ್ಲಿ ಗಟ್ಟಿಯಾಗಿ ಕೂರುವ ಕೆಲಸ ಬಹುಮಟ್ಟಿಗೆ ನಿದ್ದೆಯಲ್ಲೇ ನಡೆಯುವುದರಿಂದ, ನಿದ್ದೆ ಕತ್ತರಿಸಿ ಓದಿಸುವುದು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ.

ಆಟದ ವಿಷಯದಲ್ಲಿಯೂ ಅಳತೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆಚ್ಚಗಾಗಿ ಉಸಿರು ಜೋರಾಗುವಂಥ ಚಟುವಟಿಕೆ ಇರಬೇಕೆಂದು ಹೇಳುತ್ತದೆ. ವಾರದಲ್ಲಿ ಕನಿಷ್ಠ ಮೂರು ದಿನ ಸ್ನಾಯು ಮತ್ತು ಮೂಳೆಗಳಿಗೆ ಬಲ ಕೊಡುವ ಓಟ, ಜಿಗಿತ, ಹತ್ತುವುದು ಮುಂತಾದವು ಅದರಲ್ಲಿ ಸೇರಿರಬೇಕು. ಬಯಲಿನಲ್ಲಿ ಆಡುವುದರಿಂದ ಕಣ್ಣಿಗೂ ಲಾಭವಿದೆ. ಚೀನಾದ ಗುವಾಂಗ್‌ಝೌ ನಗರದ ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಹೊರಾಂಗಣ ಚಟುವಟಿಕೆ ಕೊಟ್ಟು ಮೂರು ವರ್ಷ ಗಮನಿಸಿದ ಅಧ್ಯಯನದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಆ ಶಾಲೆಗಳಲ್ಲಿ ಹೊಸದಾಗಿ ಸಮೀಪದೃಷ್ಟಿ ಕಾಣಿಸಿಕೊಂಡ ಮಕ್ಕಳ ಪ್ರಮಾಣ ಸುಮಾರು ಶೇಕಡಾ 30 ಇದ್ದರೆ, ಎಂದಿನಂತೆ ನಡೆದ ಶಾಲೆಗಳಲ್ಲಿ ಅದು ಶೇಕಡಾ 40ರ ಹತ್ತಿರವಿತ್ತು.

ಇಲ್ಲಿ ಒಂದು ಎಚ್ಚರ ಅಗತ್ಯ. ತರಬೇತುದಾರರು ಸೀಟಿ ಊದಿ ಸಾಲು ನಿಲ್ಲಿಸಿ ಮಾಡಿಸುವ ಕ್ರೀಡಾಭ್ಯಾಸ ಮೈಗೆ ಒಳ್ಳೆಯದಾದರೂ ಅದೊಂದೇ ಆಟವಾಗುವುದಿಲ್ಲ. ಯಾವ ಆಟ, ಯಾರು ಯಾವ ಪಕ್ಷ, ಔಟಾದದ್ದು ಹೌದೋ ಅಲ್ಲವೋ ಎಂಬುದನ್ನು ಮಕ್ಕಳೇ ಜಗಳವಾಡಿ, ರಾಜಿಯಾಗಿ ತೀರ್ಮಾನಿಸುವ ಆಟದಲ್ಲಿ ಅವರು ಕಲಿಯುವುದು ಬೇರೆಯೇ. ನಿಯಮ ಒಪ್ಪಿಕೊಳ್ಳುವುದು, ಸರದಿಗಾಗಿ ಕಾಯುವುದು, ಸೋತರೂ ಮರುದಿನ ಬರುವುದು ಇವೆಲ್ಲ ಮುಂದೆ ಪುಸ್ತಕದ ಮುಂದೆ ಕೂರಲು ಬೇಕಾಗುವ ತಾಳ್ಮೆಯೇ. ವಿಶ್ವಸಂಸ್ಥೆ 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿಯಲ್ಲಿ ವಿಶ್ರಾಂತಿ ಮತ್ತು ಆಟವನ್ನು ಹಕ್ಕುಗಳೆಂದೇ ಹೇಳಲಾಗಿದೆ. ಆದ್ದರಿಂದ ವಾರದ ಹಾಳೆಯಲ್ಲಿ ನಿದ್ದೆಯ ಗಂಟೆಗಳನ್ನೂ ಆಟದ ಗಂಟೆಯನ್ನೂ ಮೊದಲು ಬಣ್ಣ ತುಂಬಿ ಗುರುತಿಸಲು ಮಗುವಿಗೆ ಹೇಳಿ. ಆಟದ ಹೊತ್ತು ತನ್ನದು, ಅದನ್ನು ಯಾರೂ ಕಸಿಯುವುದಿಲ್ಲ ಎಂಬ ನಂಬಿಕೆ ಬಂದ ಮಗು ಓದಿನ ಹೊತ್ತಿನಲ್ಲಿ ಕಿಟಕಿಯತ್ತ ನೋಡುವುದು ಕಡಿಮೆಯಾಗುತ್ತದೆ.

ಮೂರನೆಯ ಹಂತ: ಕೆಲಸವನ್ನು ಅಂದಾಜು ಮಾಡಲು ಕಲಿಸಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತವನ್ನು ಅಳವಡಿಸಿಕೊಳ್ಳಲು ನಿಮಗೆ ಸಾಧ್ಯವಿದ್ದರೆ ಇದನ್ನೇ ಆರಿಸಿಕೊಳ್ಳಿ. ಮಕ್ಕಳಿಗೆ ‘ಹೋಂವರ್ಕ್’ ಎನ್ನುವುದು ಆಕಾರವಿಲ್ಲದ ಒಂದು ದೊಡ್ಡ ಹೊರೆ. ಅದು ಎಷ್ಟು ಹೊತ್ತಿನ ಕೆಲಸವೆಂದು ತಿಳಿಯದಿರುವುದರಿಂದಲೇ ಕೆಲವರು ಅದನ್ನು ರಾತ್ರಿಯವರೆಗೆ ಮುಂದೂಡುತ್ತಾರೆ, ಇನ್ನು ಕೆಲವರು ಇಡೀ ಸಂಜೆ ಅದರ ಮುಂದೆಯೇ ಮುಖ ಸಪ್ಪಗೆ ಮಾಡಿಕೊಂಡು ಕೂರುತ್ತಾರೆ.

ಶಾಲೆಯಿಂದ ಬಂದು ಕೈಕಾಲು ತೊಳೆದು ಏನಾದರೂ ತಿಂದಾದ ಮೇಲೆ, ಮಗು ಡೈರಿ ತೆರೆದು ಆ ದಿನದ ಕೆಲಸಗಳನ್ನು ಒಂದೊಂದಾಗಿ ಒಂದು ಚೀಟಿಯಲ್ಲಿ ಬರೆಯಲಿ. ‘ಗಣಿತ’ ಎಂದು ಬರೆದರೆ ಸಾಲದು. ‘ಭಿನ್ನರಾಶಿಯ ಎಂಟು ಲೆಕ್ಕ’ ಎಂದು ಬರೆಯಬೇಕು. ‘ವಿಜ್ಞಾನ ಓದುವುದು’ ಎಂದಲ್ಲ. ‘ಬೇರಿನ ವಿಧಗಳು, ಎರಡು ಪುಟ ಓದಿ ಚಿತ್ರ ಬಿಡಿಸುವುದು’ ಎಂದು. ಪ್ರತಿಯೊಂದರ ಮುಂದೆ ಎಷ್ಟು ನಿಮಿಷ ಬೇಕಾಗಬಹುದೆಂಬ ಅಂದಾಜನ್ನು ಮಗುವೇ ಬರೆಯಲಿ. ಕೆಲಸ ಮುಗಿದ ಮೇಲೆ ಗಡಿಯಾರ ನೋಡಿ ನಿಜವಾಗಿ ಹಿಡಿದ ನಿಮಿಷಗಳನ್ನು ಪಕ್ಕದಲ್ಲಿ ಬರೆಯಲಿ. ಈ ಮಾತುಕತೆ ಹೀಗೆ ಸಾಗಬಹುದು:

‘ಎಂಟು ಲೆಕ್ಕಕ್ಕೆ ಎಷ್ಟು ಹೊತ್ತು ಬೇಕು ಪುಟ್ಟೀ?’
‘ಹತ್ತು ನಿಮಿಷ ಸಾಕಮ್ಮ.’
‘ಸರಿ, ಹತ್ತು ಅಂತ ಬರಿ. ಶುರುಮಾಡಿದ ಹೊತ್ತನ್ನೂ ಬರಿ.’
(ಮುಗಿದ ಮೇಲೆ)
‘ಅಮ್ಮ, ಇಪ್ಪತ್ತೆರಡು ಆಗಿದೆ!’
‘ಎಲ್ಲಿ ಹೆಚ್ಚು ಹೊತ್ತು ಹಿಡೀತು?’
‘ಛೇದ ಸಮ ಮಾಡೋದ್ರಲ್ಲಿ. ಆಮೇಲೆ ರಬ್ಬರ್ ಹುಡುಕೋಕೆ ಎದ್ದು ಹೋದೆ.’

ಇಲ್ಲಿ ತಾಯಿ ‘ನಾನು ಮೊದಲೇ ಹೇಳಿರಲಿಲ್ಲವೇ’ ಎನ್ನಲಿಲ್ಲ ಎಂಬುದನ್ನು ಗಮನಿಸಿ. ಹತ್ತು ನಿಮಿಷ ಎಂದ ಅಂದಾಜು ತಪ್ಪೆಂದು ತಿದ್ದಲೂ ಇಲ್ಲ. ತಪ್ಪು ಅಂದಾಜು ಹಾಳೆಯ ಮೇಲೆ ಬಂದರೆ ಮಾತ್ರ ಮರುದಿನದ ಅಂದಾಜು ಸುಧಾರಿಸುತ್ತದೆ. ಮಗಳು ಹೇಳಿದ ಎರಡು ಕಾರಣಗಳಲ್ಲಿ ಒಂದು ಪಾಠ ಸರಿಯಾಗಿ ಅರ್ಥವಾಗಿಲ್ಲವೆಂಬುದನ್ನೂ, ಇನ್ನೊಂದು ಮೇಜಿನ ಮೇಲೆ ಸಾಮಾನು ಸಿದ್ಧವಿರಲಿಲ್ಲವೆಂಬುದನ್ನೂ ತೋರಿಸಿತು. ಹೆತ್ತವರಿಗೆ ಇದಕ್ಕಿಂತ ಉಪಯುಕ್ತ ಮಾಹಿತಿ ಬೇರೆ ಸಿಗಲಾರದು.

ಅಂದಾಜು ತಪ್ಪುವುದು ಮಕ್ಕಳ ದೋಷವೇನೂ ಅಲ್ಲ. ಕೆಲಸಕ್ಕೆ ಬೇಕಾಗುವುದಕ್ಕಿಂತ ಕಡಿಮೆ ಹೊತ್ತು ಸಾಕೆಂದು ನಂಬುವ ಈ ಒಲವನ್ನು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾಹ್ನೆಮನ್ ಮತ್ತು ಏಮೊಸ್ ಟ್ವರ್‌ಸ್ಕಿ 1979ರಲ್ಲೇ ಗುರುತಿಸಿದ್ದರು. 1994ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಸರಾಸರಿ ಸುಮಾರು 34 ದಿನಗಳಲ್ಲಿ ಮುಗಿಯುತ್ತದೆಂದು ಅಂದಾಜಿಸಿದ್ದರೆ, ವಾಸ್ತವವಾಗಿ 55 ದಿನಗಳಿಗಿಂತ ಹೆಚ್ಚು ಹಿಡಿಯಿತು. ಬೆಳೆದವರೇ ಹೀಗಿರುವಾಗ ಹತ್ತು ವರ್ಷದ ಮಗುವಿನ ಮೇಲೆ ರೇಗುವುದರಲ್ಲಿ ಅರ್ಥವಿಲ್ಲ. ಕೆಲವು ವಾರ ಈ ಚೀಟಿಯ ಅಭ್ಯಾಸವಾದ ಮೇಲೆ ಮಗು ತಾನಾಗಿ ‘ಇವತ್ತು ಐವತ್ತು ನಿಮಿಷದ ಕೆಲಸ ಇದೆ, ಆರು ಗಂಟೆಗೆ ಶುರುಮಾಡಿದರೂ ಏಳಕ್ಕೆ ಮುಗಿಯುತ್ತದೆ’ ಎಂದು ಹೇಳಲು ಆರಂಭಿಸುತ್ತದೆ. ಆ ಮಾತು ಬಂದ ದಿನದಿಂದ ನೀವು ಕೂಗಿ ಕರೆಯುವ ಕೆಲಸ ಅರ್ಧ ಕಡಿಮೆಯಾಗುತ್ತದೆ.

ನಾಲ್ಕನೆಯ ಹಂತ: ಮೊದಲು ಆಟವೋ ಓದೋ ಎಂಬುದನ್ನು ಮಗುವಿನ ಸ್ವಭಾವ ನೋಡಿ ನಿರ್ಧರಿಸಿ

ಎಲ್ಲ ಮಕ್ಕಳಿಗೂ ಒಪ್ಪುವ ಒಂದೇ ಉತ್ತರ ಇದಕ್ಕಿಲ್ಲ. ಆರೇಳು ಗಂಟೆ ಬೆಂಚಿನ ಮೇಲೆ ಕೂತು ಬಂದ ಚಿಕ್ಕ ಮಕ್ಕಳಿಗೆ ಮೊದಲು ಆಟ, ಆಮೇಲೆ ಓದು ಎಂಬುದೇ ಹೆಚ್ಚು ಸಹಜ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ದಣಿದ ಗಮನಕ್ಕೆ ಮತ್ತೆ ಗಮನದ ಕೆಲಸವನ್ನೇ ಕೊಟ್ಟರೆ ಇಪ್ಪತ್ತು ನಿಮಿಷದ ಕೆಲಸ ಒಂದು ಗಂಟೆ ಎಳೆಯುತ್ತದೆ. ಆದರೆ ಬಾಕಿ ಉಳಿದ ಕೆಲಸದ ಚಿಂತೆಯಿಂದ ಆಟದಲ್ಲೂ ಮನಸ್ಸು ನಿಲ್ಲದ ಮಕ್ಕಳಿದ್ದಾರೆ. ಅವರು ಮೊದಲೇ ಮುಗಿಸಿ ಹೊರಗೆ ಓಡಲಿ. ಒಂದು ವಾರ ಒಂದು ಕ್ರಮ, ಮುಂದಿನ ವಾರ ಇನ್ನೊಂದು ಕ್ರಮ ನಡೆಸಿ, ಅಂದಾಜಿನ ಚೀಟಿಗಳನ್ನು ಹೋಲಿಸಿ, ಯಾವುದು ಸರಿಹೋಯಿತೆಂದು ಮಗುವನ್ನೇ ಕೇಳಿ. ಹೊರಗೆ ಕತ್ತಲಾಗುವ ಹೊತ್ತು, ಜೊತೆಗಾರರು ಆಡಲು ಬರುವ ಹೊತ್ತು ಇವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಗೆಳೆಯರೆಲ್ಲ ಮನೆಗೆ ಮರಳಿದ ಮೇಲೆ ಸಿಕ್ಕ ಆಟದ ಗಂಟೆಯಿಂದ ಮಗುವಿಗೆ ಹೆಚ್ಚಿನ ಪ್ರಯೋಜನವಿಲ್ಲ.

ಐದನೆಯ ಹಂತ: ಓದಲು ಕೂತ ಹೊತ್ತು ನಿಜವಾದ ಓದಾಗಲಿ

ಓದಿನ ಹೊತ್ತು ಚಿಕ್ಕದಾಗಿ ಗಟ್ಟಿಯಾಗಿದ್ದರೆ ಆಟಕ್ಕೆ ಜಾಗ ತಾನಾಗಿ ಸಿಗುತ್ತದೆ. ಆರೇಳು ವರ್ಷದ ಮಗುವಿಗೆ ಒಂದು ಸಲಕ್ಕೆ ಹತ್ತು ಹದಿನೈದು ನಿಮಿಷ, ಹತ್ತು ವರ್ಷದ ಮಗುವಿಗೆ ಇಪ್ಪತ್ತು ನಿಮಿಷ, ಹೈಸ್ಕೂಲಿನವರಿಗೆ ಅರ್ಧ ಗಂಟೆಯ ಆಸುಪಾಸು ಎಂದು ಆರಂಭಿಸಿ, ಪ್ರತಿ ಸಲ ಹಾಗೆ ಕೂತು ಓದಿದ ನಂತರ ನಾಲ್ಕೈದು ನಿಮಿಷ ಎದ್ದು ಓಡಾಡಲು ಬಿಡಿ. ಆ ಬಿಡುವಿನಲ್ಲಿ ಫೋನ್ ಬೇಡ, ಏಕೆಂದರೆ ಐದು ನಿಮಿಷದ ವಿಡಿಯೊ ಐದೇ ನಿಮಿಷಕ್ಕೆ ಮುಗಿಯುವುದಿಲ್ಲ ಎಂಬುದು ದೊಡ್ಡವರಿಗೂ ಗೊತ್ತಿರುವ ಸಂಗತಿ. ಪೆನ್ಸಿಲ್, ರಬ್ಬರ್, ಸ್ಕೇಲ್, ನೀರಿನ ಬಾಟಲಿ ಕೂರುವ ಮುನ್ನವೇ ಮೇಜಿನ ಮೇಲೆ ಬರಲಿ. ಫೋನ್ ಬೇರೆ ಕೋಣೆಗೆ ಹೋಗಲಿ, ದೊಡ್ಡವರದೂ ಸೇರಿ.

ಓದುವ ವಿಧಾನವೂ ಹೊತ್ತನ್ನು ಉಳಿಸುತ್ತದೆ. ಅದೇ ಪುಟವನ್ನು ಐದು ಬಾರಿ ಗಟ್ಟಿಯಾಗಿ ಓದಿ ಉರು ಹೊಡೆಯುವುದಕ್ಕಿಂತ, ಒಮ್ಮೆ ಓದಿ ಪುಸ್ತಕ ಮುಚ್ಚಿ ನೆನಪಿದ್ದಷ್ಟನ್ನು ಹೇಳುವುದು ಅಥವಾ ಬರೆಯುವುದು ಹೆಚ್ಚು ಫಲ ಕೊಡುತ್ತದೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಮತ್ತೆ ಓದಿದವರು ಮುಂದಿದ್ದರು. ಆದರೆ ಒಂದು ವಾರದ ನಂತರ, ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದವರೇ ಹೆಚ್ಚು ಉಳಿಸಿಕೊಂಡಿದ್ದರು. ಮಗು ಪಾಠ ಓದಿದ ಮೇಲೆ ‘ಈಗ ನೀನು ಮೇಷ್ಟ್ರು, ನನಗೆ ಹೇಳಿಕೊಡು’ ಎಂದು ಕೂತು ಕೇಳಿಸಿಕೊಳ್ಳುವುದು ಈ ತತ್ವವನ್ನು ಮನೆಯಲ್ಲಿ ಬಳಸುವ ಅತ್ಯಂತ ಸುಲಭದ ದಾರಿ, ಮತ್ತು ಮಕ್ಕಳಿಗೆ ಮೇಷ್ಟ್ರಾಗುವುದೆಂದರೆ ಅದೂ ಆಟವೇ.

ಆರನೆಯ ಹಂತ: ಆಟದಿಂದ ಓದಿಗೆ ದಾಟುವ ಹೊತ್ತನ್ನು ಮೊದಲೇ ಮಾತಾಡಿಕೊಳ್ಳಿ

ಹೆಚ್ಚಿನ ಜಗಳಗಳು ನಡೆಯುವುದು ಓದಿನಲ್ಲಿಯೂ ಅಲ್ಲ, ಆಟದಲ್ಲಿಯೂ ಅಲ್ಲ. ಒಂದರಿಂದ ಇನ್ನೊಂದಕ್ಕೆ ದಾಟುವಾಗ. ಬ್ಯಾಟ್ ಹಿಡಿದು ತನ್ನ ಸರದಿಗೆ ಕಾಯುತ್ತ ನಿಂತ ಮಗುವನ್ನು ‘ಈಗಲೇ ಬಾ’ ಎಂದು ಕರೆದರೆ ಅದು ಬರುವುದಿಲ್ಲ, ಬಂದರೂ ಅದರ ಮನಸ್ಸು ಅಂಗಳದಲ್ಲೇ ಇರುತ್ತದೆ. ಗಡಿಯಾರದ ಮುಳ್ಳಿಗಿಂತ ಆಟದ ಒಳಗಿನ ನಿಲುಗಡೆಗಳನ್ನು ನೆಚ್ಚಿಕೊಳ್ಳುವುದು ಜಾಣತನ. ‘ಈ ಓವರ್ ಮುಗಿದ ಮೇಲೆ’, ‘ಇನ್ನೊಂದು ಸುತ್ತು ಆದ ಮೇಲೆ’ ಎಂದು ಹತ್ತು ನಿಮಿಷ ಮೊದಲೇ ಹೋಗಿ, ದೂರದಿಂದ ಕೂಗದೆ ಹತ್ತಿರ ನಿಂತು ಹೇಳಿ, ಮಗು ತಲೆಯಾಡಿಸಿದ್ದನ್ನು ನೋಡಿಕೊಂಡು ಬನ್ನಿ. ಓವರ್ ಮುಗಿದರೂ ಬರದಿದ್ದರೆ ಮತ್ತೆ ವಾದಕ್ಕೆ ಇಳಿಯದೆ ಹೋಗಿ ಕರೆತನ್ನಿ. ಮರುದಿನ ಶುರುವಾಗುವ ಮುನ್ನ ಅದರ ಬಗ್ಗೆ ಮಾತಾಡಿ.

ಇದರ ಜೊತೆಗೆ ‘ಹೀಗಾದರೆ ಹೀಗೆ’ ಎಂಬ ಮಾದರಿಯ ಒಂದು ವಾಕ್ಯವನ್ನು ಮಗು ತಾನೇ ಕಟ್ಟಿಕೊಳ್ಳಲಿ: ‘ಬೀದಿ ದೀಪ ಹತ್ತಿದ ಕೂಡಲೇ ಮನೆಗೆ ಬಂದು ಕಾಲು ತೊಳೆದು ಡೈರಿ ತೆಗೆಯುತ್ತೇನೆ.’ ಯಾವಾಗ, ಎಲ್ಲಿ, ಏನು ಎಂಬುದನ್ನು ಹೀಗೆ ಮೊದಲೇ ನಿಗದಿಪಡಿಸಿಕೊಂಡರೆ ಅಂದುಕೊಂಡದ್ದು ನೆರವೇರುವ ಸಂಭವ ಹೆಚ್ಚು ಎಂಬುದನ್ನು ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ 1990ರ ದಶಕದಲ್ಲಿ ತೋರಿಸಿಕೊಟ್ಟರು. ‘ಇನ್ನು ಮೇಲೆ ಚೆನ್ನಾಗಿ ಓದುತ್ತೇನೆ’ ಎಂಬ ಪ್ರತಿಜ್ಞೆಯಲ್ಲಿ ಈ ಮೂರರಲ್ಲಿ ಒಂದೂ ಇರುವುದಿಲ್ಲ.

ಏಳನೆಯ ಹಂತ: ಪರದೆಯನ್ನು ಬೇರೆ ಖಾತೆಯಲ್ಲಿಡಿ

ಮೊಬೈಲ್ ಆಟವನ್ನು ಆಟದ ಗಂಟೆಯಲ್ಲಿ ಸೇರಿಸಬೇಡಿ. ಅದು ಕೆಟ್ಟದ್ದೆಂಬ ಕಾರಣಕ್ಕಲ್ಲ. ಮೈ ಚಲಿಸುವ ಆಟ ಮಾಡುವ ಕೆಲಸವನ್ನು ಅದು ಮಾಡುವುದಿಲ್ಲ ಎಂಬ ಕಾರಣಕ್ಕೆ. ವಾರದ ಹಾಳೆಯಲ್ಲಿ ಅದಕ್ಕೆ ಬೇರೆ ಬಣ್ಣ ಕೊಡಿ. ಅಮೆರಿಕದ ಮಕ್ಕಳ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2016ರಲ್ಲಿ ಆರು ವರ್ಷ ದಾಟಿದ ಮಕ್ಕಳಿಗೆ ಇಷ್ಟೇ ಗಂಟೆ ಎಂಬ ಒಂದೇ ಅಂಕಿಯನ್ನು ಹೇಳದೆ, ಮನೆಯವರು ಒಂದು ಮಿತಿಯನ್ನು ಗೊತ್ತುಮಾಡಿ ಅದಕ್ಕೆ ತಪ್ಪದೆ ನಡೆದುಕೊಳ್ಳಬೇಕೆಂದೂ, ಮಲಗುವ ಮುಂಚಿನ ಒಂದು ಗಂಟೆ ಪರದೆ ಬೇಡವೆಂದೂ ಸಲಹೆ ನೀಡಿತು. ಮಿತಿ ಮುರಿಯುವುದು ಹೆಚ್ಚಾಗಿ ದೊಡ್ಡವರ ಅನುಕೂಲಕ್ಕಾಗಿಯೇ. ಅತಿಥಿಗಳು ಬಂದಾಗ, ಅಡುಗೆಗೆ ತಡವಾದಾಗ, ಫೋನಿನಲ್ಲಿ ಮಾತಾಡಬೇಕಾದಾಗ ಮಗುವಿನ ಕೈಗೆ ಪರದೆ ಕೊಟ್ಟು, ಮರುದಿನ ಅದೇ ಪರದೆಗಾಗಿ ಗದರಿಸಿದರೆ ಮಗು ಕಲಿಯುವುದು ನಿಯಮವನ್ನಲ್ಲ, ದೊಡ್ಡವರ ಮನಸ್ಸು ನೋಡಿಕೊಂಡು ಕೇಳುವ ಉಪಾಯವನ್ನು.

ಆಟವನ್ನು ಕೂಲಿಯಾಗಿಯೂ ಶಿಕ್ಷೆಯಾಗಿಯೂ ಬಳಸಬೇಡಿ

ಇದು ಹಂತವಲ್ಲ, ಎಲ್ಲ ಹಂತಗಳಿಗೂ ಅನ್ವಯಿಸುವ ನಿಯಮ. ‘ಓದು ಮುಗಿದ ಮೇಲೆ ಆಟ’ ಎಂಬ ಕ್ರಮದಲ್ಲಿ ತಪ್ಪಿಲ್ಲ. ಆದರೆ ‘ಅಂಕ ಕಡಿಮೆ ಬಂತು, ಒಂದು ವಾರ ಆಟ ಬಂದ್’ ಎಂಬ ಶಿಕ್ಷೆಯಿಂದ ನಷ್ಟವೇ ಹೆಚ್ಚು. ಆಟ ನಿಂತ ಮಗುವಿಗೆ ಗಮನ ಹೆಚ್ಚುವುದಿಲ್ಲ. ಮನಸ್ಸು ಕುದಿಯುತ್ತದೆ, ಪುಸ್ತಕವೇ ತನ್ನ ಶತ್ರು ಎಂಬ ಭಾವ ಬಲಿಯುತ್ತದೆ. ಅದೇ ಮಕ್ಕಳ ವೈದ್ಯರ ಸಂಘ 2013ರಲ್ಲಿ ಶಾಲೆಗಳ ಆಟದ ಬಿಡುವಿನ ಕುರಿತು ಪ್ರಕಟಿಸಿದ ನಿಲುವಿನಲ್ಲಿ, ಶಿಕ್ಷೆಗಾಗಲಿ ಪಾಠದ ಕಾರಣಕ್ಕಾಗಲಿ ಆ ಬಿಡುವನ್ನು ಕಿತ್ತುಕೊಳ್ಳಬಾರದೆಂದು ಸ್ಪಷ್ಟವಾಗಿ ಹೇಳಿದೆ. ಮನೆಗೂ ಅದೇ ಮಾತು ಸಲ್ಲುತ್ತದೆ.

ಬಹುಮಾನದ ಆಮಿಷದಲ್ಲೂ ಅಪಾಯವಿದೆ. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ, ಚಿತ್ರ ಬಿಡಿಸಿದರೆ ಪ್ರಶಸ್ತಿ ಪತ್ರ ಕೊಡುತ್ತೇವೆಂದು ಮೊದಲೇ ಹೇಳಿ ಬಿಡಿಸಲು ಬಿಟ್ಟರು. ಮುಂದೆ ಪ್ರಶಸ್ತಿಯಿಲ್ಲದ ದಿನಗಳಲ್ಲಿ, ಮೊದಲೇ ಪ್ರಶಸ್ತಿಯ ಆಸೆ ತೋರಿಸಲಾಗಿದ್ದ ಮಕ್ಕಳು ಉಳಿದವರಿಗಿಂತ ಕಡಿಮೆ ಹೊತ್ತು ಚಿತ್ರ ಬಿಡಿಸಿದರು. ಕಥೆ ಪುಸ್ತಕ ಓದುವುದು, ನಕ್ಷೆ ಬರೆಯುವುದು ಮುಂತಾದ ಮಗು ತಾನಾಗಿ ಇಷ್ಟಪಟ್ಟು ಮಾಡುವ ಓದಿನ ಕೆಲಸಗಳಿಗೆ ಚಾಕೊಲೇಟು, ಹಣ, ಹೆಚ್ಚುವರಿ ಪರದೆಯ ಹೊತ್ತು ಇವುಗಳನ್ನು ಗಂಟುಹಾಕದಿರುವುದೇ ಲೇಸು.

ಎಂಟನೆಯ ಹಂತ: ಪರೀಕ್ಷೆಯ ವಾರಗಳಿಗೆ ಮುಂಚೆಯೇ ದಾರಿ ಮಾಡಿ

ಪರೀಕ್ಷೆ ಹತ್ತಿರವಾದಾಗ ಆಟವನ್ನು ಪೂರ್ತಿ ನಿಲ್ಲಿಸುವುದು ಬಹಳ ಮನೆಗಳಲ್ಲಿ ನಡೆದುಬಂದ ವಾಡಿಕೆ. ಅದರ ಅಗತ್ಯ ಬೀಳುವುದು ಓದನ್ನು ಕೊನೆಯ ನಾಲ್ಕು ದಿನಕ್ಕೆ ತಳ್ಳಿದಾಗ ಮಾತ್ರ. ಒಂದೇ ಸಲ ಬಹಳ ಹೊತ್ತು ಕಲಿಯುವುದಕ್ಕಿಂತ ಅಷ್ಟೇ ಶ್ರಮವನ್ನು ಹಲವು ದಿನಗಳಿಗೆ ಹಂಚಿದರೆ ನೆನಪು ಹೆಚ್ಚು ಉಳಿಯುತ್ತದೆಂಬುದನ್ನು ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ದಾಖಲಿಸಿದ್ದು, ಅಂದಿನಿಂದ ಇಂದಿನವರೆಗೆ ಅದು ಮತ್ತೆ ಮತ್ತೆ ದೃಢಪಟ್ಟಿದೆ. ಪರೀಕ್ಷೆಗೆ ಮೂರು ವಾರ ಇರುವಾಗಲೇ ಪಾಠಗಳ ಪಟ್ಟಿ ಮಾಡಿ, ಪ್ರತಿ ಪಾಠವೂ ಎರಡು ಮೂರು ದಿನಗಳ ಅಂತರದಲ್ಲಿ ಎರಡು ಬಾರಿಯಾದರೂ ಬರುವಂತೆ ಹಾಳೆಯ ಮೇಲೆ ಹರಡಲು ಮಗುವಿಗೆ ನೆರವಾಗಿ. ಹೀಗೆ ಹರಡಿದಾಗ ದಿನಕ್ಕೆ ಮುಕ್ಕಾಲು ಗಂಟೆಯಷ್ಟು ಹೆಚ್ಚುವರಿ ಓದು ಸಾಕಾಗಬಹುದು. ಆಟವನ್ನು ಅರ್ಧ ಗಂಟೆಗೆ ಇಳಿಸಬೇಕಾಗಬಹುದು, ಆದರೆ ನಿಲ್ಲಿಸಬೇಕಾಗುವುದಿಲ್ಲ. ಪರೀಕ್ಷೆಯ ಹಿಂದಿನ ಸಂಜೆಯೂ ಇಪ್ಪತ್ತು ನಿಮಿಷ ಓಡಿ ಬಂದ ಮಗು ರಾತ್ರಿ ಬೇಗ ನಿದ್ದೆಹೋಗುತ್ತದೆ.

ಒಂಬತ್ತನೆಯ ಹಂತ: ನಿಯಂತ್ರಣವನ್ನು ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಡಿ

ಮುಂದಾಲೋಚನೆ, ಆತುರಕ್ಕೆ ಕಡಿವಾಣ, ಕೆಲಸವನ್ನು ಯೋಜಿಸುವುದು ಇವನ್ನು ನೋಡಿಕೊಳ್ಳುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತರ ನಡುವಯಸ್ಸಿಗೆ. ಹಾಗಾಗಿ ಎಂಟು ವರ್ಷದ ಮಗು ತಾನೇ ಎಲ್ಲ ನೋಡಿಕೊಳ್ಳಲೆಂದು ಕೈಬಿಡುವುದೂ ತಪ್ಪು, ಹದಿನಾಲ್ಕರ ಹುಡುಗನ ಡೈರಿಯನ್ನು ದಿನವೂ ತಡಕುವುದೂ ತಪ್ಪು. ಆರೇಳು ವರ್ಷಕ್ಕೆ, ನೀವು ಕೊಟ್ಟ ಎರಡು ಕೆಲಸಗಳಲ್ಲಿ ಮೊದಲು ಯಾವುದೆಂದು ಆರಿಸುವ ಸ್ವಾತಂತ್ರ್ಯ ಸಾಕು. ಒಂಬತ್ತು ಹತ್ತಕ್ಕೆ ಅಂದಾಜಿನ ಚೀಟಿ ಮಗುವಿನದು, ನೋಡುವುದು ನಿಮ್ಮದು. ಹನ್ನೆರಡರ ಹೊತ್ತಿಗೆ ದಿನದ ಯೋಜನೆ ಪೂರ್ತಿ ಮಗುವಿನದಾಗಿ, ವಾರಕ್ಕೊಮ್ಮೆ ಮಾತ್ರ ನೀವಿಬ್ಬರೂ ಕೂತು ನೋಡಿದರಾಯಿತು. ಹದಿನಾಲ್ಕು ಹದಿನೈದಕ್ಕೆ ಕೇಳಿದಾಗ ಸಲಹೆ ಕೊಡುವವರಾಗಿ ಉಳಿಯಿರಿ. ನಿದ್ದೆಯ ಹೊತ್ತು ಮತ್ತು ಪರದೆಯ ಮಿತಿಯನ್ನು ಮಾತ್ರ ಕೈಯಲ್ಲಿಟ್ಟುಕೊಳ್ಳಿ.

ಬಿಟ್ಟುಕೊಟ್ಟಾಗ ಎಡವುವುದು ಖಂಡಿತ. ಆಟದಲ್ಲಿ ಮೈಮರೆತು ಪ್ರಾಜೆಕ್ಟ್ ಬಾಕಿ ಉಳಿಯುತ್ತದೆ, ರಾತ್ರಿ ಒಂಬತ್ತಕ್ಕೆ ಅಳು ಶುರುವಾಗುತ್ತದೆ. ಆಗ ದೊಡ್ಡವರು ಕೂತು ಚಾರ್ಟ್ ಮೇಲೆ ಚಿತ್ರ ಅಂಟಿಸಿ ಮುಗಿಸಿಕೊಟ್ಟರೆ ಮಗು ಕಲಿಯುವ ಪಾಠವೇ ಬೇರೆಯಾಗುತ್ತದೆ. ಮಲಗುವ ಹೊತ್ತಿಗೆ ಮಲಗಿಸಿ, ಮರುದಿನ ಕೆಲಸ ಮುಗಿದಿಲ್ಲವೆಂದು ಶಿಕ್ಷಕರಿಗೆ ತಾನೇ ಹೇಳುವಂತೆ ಧೈರ್ಯ ತುಂಬಿ ಕಳಿಸಿ. ನಾಲ್ಕನೆಯ ತರಗತಿಯ ಪ್ರಾಜೆಕ್ಟಿನಲ್ಲಿ ಎಡವುವುದು ಅಗ್ಗದ ಪಾಠ. ಇದಕ್ಕೆ ಹೆತ್ತವರಿಗೂ ಗಟ್ಟಿ ಮನಸ್ಸು ಬೇಕು ಎನ್ನುವುದನ್ನು ಒಪ್ಪಿಕೊಳ್ಳಬೇಕು.

ಇಷ್ಟಾದರೂ ಹೊಂದಿಕೆಯಾಗದಿದ್ದರೆ

ಎರಡು ಮೂರು ತಿಂಗಳು ಈ ಕ್ರಮದಲ್ಲಿ ನಡೆದ ಮೇಲೂ ಓದಿನ ಹೊತ್ತು ಆಟವನ್ನೂ ನಿದ್ದೆಯನ್ನೂ ತಿನ್ನುತ್ತಿದ್ದರೆ ತೊಂದರೆ ಯೋಜನೆಯಲ್ಲಿ ಇಲ್ಲದಿರಬಹುದು. ಅಂದಾಜಿನ ಚೀಟಿಗಳನ್ನು ಮತ್ತೊಮ್ಮೆ ನೋಡಿ. ಎಲ್ಲ ವಿಷಯಗಳಲ್ಲೂ ಹೊತ್ತು ಮೀರುತ್ತಿದ್ದರೆ ಶಾಲೆ ಕೊಡುತ್ತಿರುವ ಕೆಲಸವೇ ಹೆಚ್ಚಿರಬಹುದು. ಅಮೆರಿಕದ ಶಾಲೆಗಳಲ್ಲಿ ತರಗತಿಯ ಸಂಖ್ಯೆಯನ್ನು ಹತ್ತು ನಿಮಿಷದಿಂದ ಗುಣಿಸಿ, ಅಂದರೆ ಮೂರನೆಯ ತರಗತಿಗೆ ದಿನಕ್ಕೆ 30 ನಿಮಿಷ, ಆರನೆಯದಕ್ಕೆ 60 ನಿಮಿಷ ಎಂದು ಹೋಂವರ್ಕ್ ಅಳೆಯುವ ಒಂದು ರೂಢಿಯಿದೆ. ಹೋಲಿಸಿ ನೋಡಲು ಅದು ಸಾಕು. ಹೋಂವರ್ಕ್ ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು 2006ರಲ್ಲಿ ನಡೆಸಿದ ವಿಮರ್ಶೆಯಲ್ಲಿಯೂ ಹೋಂವರ್ಕಿಗೂ ಕಲಿಕೆಯ ಮಟ್ಟಕ್ಕೂ ಇರುವ ಸಂಬಂಧ ಏಳನೆಯ ತರಗತಿಯಿಂದ ಮುಂದಕ್ಕೆ ಹೆಚ್ಚು ಬಲವಾಗಿಯೂ ಕೆಳಗಿನ ತರಗತಿಗಳಲ್ಲಿ ದುರ್ಬಲವಾಗಿಯೂ ಕಂಡುಬಂದಿತ್ತು. ಶಾಲೆಯ ಕೆಲಸವೇ ಹೆಚ್ಚಿದೆ ಎನಿಸಿದರೆ ದೂರಿನ ದನಿಯಲ್ಲಿ ಮಾತಾಡದೆ, ಎರಡು ವಾರದ ಚೀಟಿಗಳನ್ನು ತೆಗೆದುಕೊಂಡು ಹೋಗಿ ತರಗತಿಯ ಶಿಕ್ಷಕರಿಗೆ ತೋರಿಸಿ. ‘ಮಗುವಿಗೆ ಬಹಳ ಹೊರೆಯಾಗುತ್ತಿದೆ’ ಎಂಬ ಮಾತಿಗಿಂತ ‘ಮಂಗಳವಾರ ನಕಲು ಬರೆಯುವುದಕ್ಕೇ ಐವತ್ತು ನಿಮಿಷ ಹಿಡಿಯಿತು’ ಎಂಬ ದಾಖಲೆಗೆ ಉತ್ತರ ಸಿಗುವುದು ಸುಲಭ.

ಒಂದೇ ವಿಷಯದಲ್ಲಿ ಹೊತ್ತು ಮೀರುತ್ತಿದ್ದರೆ ಆ ವಿಷಯದ ಅಡಿಪಾಯದಲ್ಲಿ ಎಲ್ಲೋ ಬಿರುಕಿದೆ. ಓದುವ ಮತ್ತು ಬರೆಯುವ ಕೆಲಸಗಳಲ್ಲಿ ಮಾತ್ರ ವಿಪರೀತ ತಡವಾಗುತ್ತಿದ್ದು, ಅಕ್ಷರಗಳು ಅದಲುಬದಲಾಗುತ್ತಿದ್ದರೆ, ಅದನ್ನೇ ಬಾಯಿಮಾತಿನಲ್ಲಿ ಕೇಳಿದಾಗ ಮಗು ಸರಾಗವಾಗಿ ಉತ್ತರಿಸುತ್ತಿದ್ದರೆ, ಕಣ್ಣಿನ ಪರೀಕ್ಷೆಯನ್ನು ಮೊದಲು ಮಾಡಿಸಿ, ಆಮೇಲೆ ಕಲಿಕೆಯ ತೊಂದರೆಗಳ ಬಗ್ಗೆ ಮಕ್ಕಳ ತಜ್ಞರನ್ನು ಕಾಣಿ. ಆಟವೆಂದರೆ ಓಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಆಟಕ್ಕೂ ಹೋಗಲೊಲ್ಲದೆ ಮೂಲೆ ಹಿಡಿದರೆ ವೇಳಾಪಟ್ಟಿಯನ್ನು ಬದಿಗಿಟ್ಟು, ಶಾಲೆಯಲ್ಲೋ ಗೆಳೆಯರ ಗುಂಪಿನಲ್ಲೋ ಏನು ನಡೆದಿದೆ ಎಂಬುದನ್ನು ಆತುರಪಡದೆ ವಿಚಾರಿಸಿ. ಹೊರಗೆ ಹೋಗದ ಮಗು ‘ಈಗ ಚೆನ್ನಾಗಿ ಓದುತ್ತಿದೆ’ ಎಂದು ಸಮಾಧಾನಪಟ್ಟುಕೊಳ್ಳಬೇಡಿ.